ಇನ್ನೊಂದ್ ಸಲ ಬೀಳಿ, ನೋಡೋಣ

ಗಂಡಸರಿಗೆ ಹೆಂಡತಿಯ ಮೇಲೆ ನಾನಾ ಬಗೆಯ ದೂರುಗಳಿರುತ್ತವೆ. ಸಾರಿಗೆ ಉಪ್ಪು ಜಾಸ್ತಿ, ಮಾತಿಗೆ ಖಾರ ಜಾಸ್ತಿ, ತವರಿಗೆ ಫೋನು ಜಾಸ್ತಿ. ನನ್ನ ದೂರು ಇವು ಯಾವುದೂ ಅಲ್ಲ. ನನ್ನ ಹೆಂಡತಿ ನೇತ್ರಾವತಿ ನನ್ನನ್ನು ಬಿಟ್ಟಿರುತ್ತಲೇ ಇರಲಿಲ್ಲ. ಹೊಟ್ಟೆಕಿಚ್ಚು ಪಡಬೇಡಿ, ಇದು ಪ್ರೀತಿಯ ವಿಚಾರವಲ್ಲ. ಮನೆಯಿಂದ ಹೊರಗೆ ಕಾಲಿಟ್ಟಳೆಂದರೆ ಅವಳ ಬಲಗೈ ಬಂದು ನನ್ನ ಎಡಭುಜದ ಮೇಲೆ ಕೂರುತ್ತಿತ್ತು, ಗಿಣಿಶಾಸ್ತ್ರದವನ ಮೇಲೆ ಗಿಣಿ ಕೂತ ಹಾಗೆ. ಮನೆಯೊಳಗೆ ಗೋಡೆ, ಬಸ್ಸಿನಲ್ಲಿ ಕಂಬಿ, ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ, ರಸ್ತೆಯಲ್ಲಿ ನಾನು. ಒಟ್ಟಿನಲ್ಲಿ ನಾನು ಚಲಿಸುವ ಗೋಡೆಯಾಗಿದ್ದೆ.

ಮೊದಲು ಹೀಗಿರಲಿಲ್ಲ. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಗುಬ್ಬಿಯ ತವರಿಗೆ ಒಬ್ಬಳೇ ಸ್ಕೂಟರಿನಲ್ಲಿ ಹೋಗಿ, ಕಾಲುಗಳ ಮಧ್ಯೆ ಎಳನೀರಿನ ಗೊನೆ ಇಟ್ಟುಕೊಂಡು ಬರುತ್ತಿದ್ದ ವೀರವನಿತೆ ಅವಳು. ನೀರಿನ ಟ್ಯಾಂಕು ತೊಳೆಯಲು ಅವಳು ಮೇಲೆ ಹತ್ತುತ್ತಿದ್ದಳು. ನಾನು ಕೆಳಗೆ ನಿಂತು ಏಣಿ ಹಿಡಿದುಕೊಂಡು ಹೆದರುತ್ತಿದ್ದೆ.

ಹೋದ ವರ್ಷ ತುಮಕೂರಿನ ಕಲ್ಯಾಣಮಂಟಪವೊಂದರಲ್ಲಿ ನೆಂಟರ ಮದುವೆ ಇತ್ತು. ಆರತಿ ತಟ್ಟೆ ಹಿಡಿದು ಮಂಟಪದ ಮೆಟ್ಟಿಲ ಹತ್ತಿರ ಹೋಗುವಾಗ ಯಾರೋ ಚೆಲ್ಲಿದ್ದ ನೀರಿನ ಮೇಲೆ ಕಾಲಿಟ್ಟು ಜಾರಿಬಿದ್ದಳು. ತಟ್ಟೆ ಒಂದು ಕಡೆ, ಕುಂಕುಮದ ನೀರು ಇನ್ನೊಂದು ಕಡೆ, ಅವಳು ಮತ್ತೊಂದು ಕಡೆ. ಮಣಿಕಟ್ಟಿನ ಮೂಳೆ ಮುರಿಯಿತು. ಅದಾದರೂ ಕೂಡಿಕೊಳ್ಳುವಂಥದು. ಆದರೆ ಬಿದ್ದದ್ದನ್ನು ವಿಡಿಯೋದವನು ಸಾಂಗವಾಗಿ ಹಿಡಿದಿದ್ದ. ಸಂಬಂಧಿಕರಲ್ಲೇ ಯಾರೋ ಅದಕ್ಕೆ ಡೋಲಿನ ಸದ್ದು ಸೇರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ನಗುವ ಮುಖಗಳು ಸಾಲುಸಾಲಾಗಿ ಬಂದು ಬಿದ್ದವು. ನೇತ್ರಾವತಿ ಗ್ರೂಪಿನಿಂದ ಹೊರಗೆ ಬಂದಳು. ಆಮೇಲೆ ಮನೆಯಿಂದ ಒಬ್ಬಳೇ ಹೊರಗೆ ಹೋಗುವುದನ್ನೇ ನಿಲ್ಲಿಸಿದಳು.

ಸ್ಕೂಟರಿಗೆ ಹಳೇ ಬೆಡ್‌ಶೀಟು ಹೊದಿಸಿದ್ದಾಯಿತು. ಗುಬ್ಬಿಯಲ್ಲಿ ಅವಳ ತಮ್ಮ ಶಿವರಾಮಯ್ಯನ ಹೊಸ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಅಕ್ಕ ಬರಲಿಲ್ಲವೆಂದು ಅವನು ಮುನಿಸಿಕೊಂಡು ಫೋನು ಮಾಡುವುದನ್ನು ಬಿಟ್ಟ. ಅವಳು ಅಡುಗೆಮನೆಯ ಕಟ್ಟೆ ಹಿಡಿದು ನಿಂತು ಅತ್ತಳು. ಈರುಳ್ಳಿಯಿಂದ ಎಂದಳು. ಆ ದಿನ ಮನೆಯಲ್ಲಿ ಮೊಸರನ್ನ.

ಫಿಸಿಯೋಥೆರಪಿಯ ಡಾಕ್ಟರು ಕೈ ತಿರುಗಿಸಿ, ಕಾಲು ತಿರುಗಿಸಿ, "ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ. ಬ್ಯಾಲೆನ್ಸ್ ಬರೋ ಥರ ಏನಾದ್ರೂ ಮಾಡ್ಸಿ, ವಾಕಿಂಗು, ಯೋಗ, ಡ್ಯಾನ್ಸು, ಯಾವುದಾದ್ರೂ ಸರಿ" ಎಂದರು.

ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ನಟ್ಟು, ಬೋಲ್ಟು, ವಾಷರು ಇವೇ ನನ್ನ ಪ್ರಪಂಚ. ಕೆಲಸ ಮುಗಿಸಿ ಬರುವಾಗ ನಮ್ಮ ಬಡಾವಣೆಯ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸ ಬೋರ್ಡು ಕಂಡಿತು: "ಬ್ಯಾಲೆ, ಮಾಡರ್ನ್, ಜಾಝ್. ಮೊದಲ ಪಾಠಗಳು. ದೊಡ್ಡವರಿಗೆ ಪ್ರತ್ಯೇಕ ಬ್ಯಾಚ್." ನನ್ನ ತಲೆಯಲ್ಲಿ ದಿವ್ಯಜ್ಯೋತಿಯೊಂದು ಹೊತ್ತಿಕೊಂಡಿತು. (ನನ್ನ ತಲೆಯಲ್ಲಿ ಏನಾದರೂ ಹೊತ್ತಿಕೊಂಡರೆ ಮೊದಲು ಸುಡುವುದು ನಾನೇ ಎಂಬುದು ಆಗ ನೆನಪಾಗಲಿಲ್ಲ.)

"ನೇತ್ರಾ, ನಿನ್ ಕಾಲಿಗೆ ಮದ್ದು ಸಿಕ್ತು ಕಣೇ!" ಎಂದು ಬಾಗಿಲಲ್ಲೇ ಕೂಗಿದೆ.

"ಇನ್ನೊಂದ್ ಮುಲಾಮಾ?"

"ಮುಲಾಮಲ್ಲ, ಡ್ಯಾನ್ಸು!"

ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ತಿರುಗಿದಳು. "ನೆಟ್ಟಗೆ ನಡೆಯಕ್ಕೇ ಆಗ್ದಿರೋಳ್ನ ಕುಣಿಯಕ್ಕೆ ಕಳಿಸ್ತೀರಾ? ತಲೆ ನೆಟ್ಟಗಿದ್ಯಾ?"

"ನಡೆಯೋದಕ್ಕಿಂತ ಸುಲಭ ಕಣೇ. ಮ್ಯೂಸಿಕ್ಕೇ ಎತ್ಕೊಂಡ್ ಹೋಗ್ಬಿಡುತ್ತೆ."

"ಅಷ್ಟು ಸಲೀಸಾಗಿದ್ರೆ ನೀವೇ ಹೋಗಿ. ಈ ಹೊಟ್ಟೆ ಹೊತ್ಕೊಂಡು ಹೋಗಿ, ಮೈಕೈ ಮುರ್ಕೊಳ್ದೆ ವಾಪಸ್ ಬನ್ನಿ. ಆಮೇಲ್ ನನ್ ವಿಚಾರ ನೋಡೋಣ."

"ಹೋಗ್ತೀನಿ ಕಣೇ! ಹೋಗೇ ಹೋಗ್ತೀನಿ!"

(ಜಗಳದ ಮಧ್ಯೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಸೌಲಭ್ಯ ನಮ್ಮ ಮನೆಯಲ್ಲಿಲ್ಲ.)

ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ನಮ್ಮಮ್ಮ ಸುಬ್ಬಲಕ್ಷ್ಮಮ್ಮ ತಲೆಯೆತ್ತಿ, "ಎಲ್ಲಿಗ್ಲಾ ಹೊಂಟಿರೋದು?" ಎಂದರು.

"ಬ್ಯಾಲೆ ಕ್ಲಾಸಿಗಮ್ಮ."

"ಬ್ಯಾಳೆ ಕಲಿಯಾಕೂ ಕ್ಲಾಸು ಬಂದೈತಾ? ಹೋಗ್ ಬಾ, ಒಳ್ಳೇದೇ ಬುಡು. ಅವ್ಳಿಗೆ ಹುಷಾರಿಲ್ದಿದ್ದಾಗ ಒಂದ್ ಸಾರಾದ್ರೂ ಕಾಯ್ಸಾಕ್ತೀಯ."

ಹೀಗೆ ತಾಯಿಯ ಆಶೀರ್ವಾದ ಪಡೆದು ನಾನು ಪಾಶ್ಚಾತ್ಯ ನೃತ್ಯಕಲೆಗೆ ಪಾದಾರ್ಪಣೆ ಮಾಡಿದೆ.

ಕಲಿಸುವವರು ಹರ್ಷಿತಾ ಮಿಸ್. ಕುಣಿಗಲಿನ ಹುಡುಗಿ, ನನಗೆ ಮಗಳಾಗಬಹುದಾದ ವಯಸ್ಸು. ಬೆಂಗಳೂರಿನಲ್ಲಿ ನೃತ್ಯ ಕಲಿತು ನಮ್ಮೂರಿಗೆ ಬಂದು ಕ್ಲಾಸು ತೆರೆದಿದ್ದರು. ದನಿ ಮೆತ್ತಗೆ, ಬೆನ್ನು ಮಾತ್ರ ಅಡ್ಡಪಟ್ಟಿ ಇಟ್ಟು ಗೀಟೆಳೆದಷ್ಟು ನೇರ. ಬ್ಯಾಚಿನಲ್ಲಿ ಬಹುಪಾಲು ಕಾಲೇಜು ಹುಡುಗಿಯರು, ಬ್ಯಾಂಕಿನ ಆಶಾರಾಣಿ ಮೇಡಂ, ಮತ್ತು ನನ್ನನ್ನು ಬಿಟ್ಟರೆ ಇನ್ನೊಬ್ಬರೇ ಗಂಡಸು, ಗುಬ್ಬಿಯ ಕೊಬ್ಬರಿ ವ್ಯಾಪಾರಿ ಅನಂತರಾಜು. ಡಾಕ್ಟರು ಇವರಿಗೆ, "ಮಂಡಿಗೆ ಸ್ವಲ್ಪ ಕೆಲಸ ಕೊಡಿ" ಎಂದರಂತೆ. "ಬೆಳಗ್ಗಿಂದ ಸಾಯಂಕಾಲದ್ ಗಂಟ ಮಂಡೀಲೇ ಇರ್ತೀನಲ್ಲ ಡಾಕ್ಟ್ರೇ" ಎಂದರಂತೆ ಇವರು. ಕೊಬ್ಬರಿ ಮಂಡಿಯಲ್ಲ, ಕಾಲಿನ ಮಂಡಿ ಎಂದು ತಿಳಿಯುವ ಹೊತ್ತಿಗೆ ಅದು ಊದಿಕೊಂಡಿತ್ತು.

ಗೋಡೆಯುದ್ದಕ್ಕೂ ಸೊಂಟದೆತ್ತರಕ್ಕೆ ಒಂದು ಕಂಬಿ. ಅದನ್ನು ಹಿಡಿದು ನಿಲ್ಲಬೇಕು. 'ನನ್ನ ಹೆಂಡತಿಯನ್ನು ಕರೆತಂದರೆ ಇಲ್ಲೇ ನೆಲೆಸಿಬಿಡುತ್ತಾಳೆ' ಎಂದುಕೊಂಡೆ. ಮೊದಲ ಪಾಠ, ಎರಡೂ ಹಿಮ್ಮಡಿ ಕೂಡಿಸಿ ಪಾದಗಳನ್ನು ಆಚೀಚೆಗೆ ತೆರೆದು ನಿಲ್ಲುವುದು.

"ಸರ್, ನಿಮ್ಮ ಪಾದ ನೋಡ್ಕೊಳ್ಳಿ" ಎಂದರು ಮಿಸ್.

"ಕಾಣಿಸ್ತಾ ಇಲ್ಲ ಮಿಸ್."

"ಹೊಟ್ಟೆ ಒಳಗೆ ತಗೊಳ್ಳಿ."

"ಒಳಗೆ ಜಾಗ ಇಲ್ಲ ಮಿಸ್."

ಬ್ಯಾಲೆಯ ಎಲ್ಲ ಹೆಜ್ಜೆಗಳಿಗೂ ಫ್ರೆಂಚ್ ಹೆಸರು. ಮಂಡಿ ಮಡಚಿ ಕುಗ್ಗಿದರೆ ಪ್ಲಿಯೇ. ಕಾಲನ್ನು ನೆಲದ ಮೇಲೆ ಸವರುತ್ತ ಮುಂದಕ್ಕೆ ಚಾಚಿದರೆ ತಾಂದು. ತುದಿಗಾಲಿನ ಮೇಲೆ ಎದ್ದರೆ ರೆಲೆವೇ. ಕುಗ್ಗುವುದರಲ್ಲಿ ನಾನು ಕ್ಲಾಸಿಗೇ ಮೊದಲಿಗನಾಗಿದ್ದೆ, ಭೂಮಿಯೇ ನನ್ನನ್ನು ಕರೆದುಕೊಳ್ಳುತ್ತಿತ್ತು. ಮತ್ತೆ ಮೇಲೇಳಲು ಮಾತ್ರ ಆಶಾರಾಣಿ ಮೇಡಂ ಕೈ ಕೊಡಬೇಕಾಗುತ್ತಿತ್ತು. ಕೊನೆಗೆ ಮಿಸ್ ಒಂದು ನೆಗೆತ ಕಲಿಸಿದರು. ಎರಡೂ ಕಾಲಿನಲ್ಲಿ ಮೇಲಕ್ಕೆ ಹಾರಿ ಎರಡೂ ಕಾಲಿನಲ್ಲಿ ಇಳಿಯಬೇಕು. ಅದರ ಹೆಸರು 'ಸೋತೇ'. ನಾನು ಹಾರಿದೆ. ಹಾರಿದ್ದು ಯಾರಿಗೂ ಕಾಣಲಿಲ್ಲ, ಇಳಿದದ್ದು ಬಡಾವಣೆಗೇ ಕೇಳಿಸಿತು. ಕೆಳಗಿನ ಟೈರ್ ಅಂಗಡಿಯವನು ಓಡಿಬಂದು, "ಏನ್ ಬಿತ್ತು ಮೇಡಂ ಮೇಲಿಂದ?" ಎಂದ.

"ಸೋತೆ ಕಣಪ್ಪ" ಎಂದೆ ನಾನು, ಕಂಬಿ ಹಿಡಿದು ಏದುಸಿರು ಬಿಡುತ್ತ. ಕಾಲಿನ ಕೆಲಸಕ್ಕೆ ಇಷ್ಟು ಪ್ರಾಮಾಣಿಕವಾದ ಹೆಸರನ್ನು ಫ್ರಾನ್ಸಿನವರು ಕನ್ನಡದಲ್ಲೇ ಇಟ್ಟಿದ್ದಾರೆಂದು ನನಗೆ ಬಹಳ ಸಂತೋಷವಾಯಿತು.

ಮನೆಗೆ ಬಂದರೆ ಎದುರಿಗೇ ಅಮ್ಮನ ವಿಚಾರಣೆ.

"ಏನ್ಲಾ ಕಲಿಸ್ಕೊಟ್ರು?"

"ತಾಂದು."

"ಏನ್ ತಂದು? ಕೈಯಲ್ಲೇನೂ ಕಾಣ್ದಲ್ಲ!"

"ಅಲ್ಲಮ್ಮ, ಅದೊಂದ್ ಹೆಜ್ಜೆ. ಆಮೇಲೆ ರೆಲೆವೇನೂ ಆಯ್ತು."

"ರೈಲ್ವೇನಾ? ಈ ವಯಸ್ನಾಗೆ ಯಾವನ್ಲಾ ನಿನ್ನ ತಗಂತಾನೆ!"

ನೇತ್ರಾವತಿ ಗೋಡೆ ಹಿಡಿದುಕೊಂಡೇ ಬಂದು ಬಿಸಿನೀರಿನ ಚೀಲವನ್ನು ನನ್ನ ಬೆನ್ನ ಹಿಂದೆ ಇಟ್ಟು ಹೋದಳು. ತುಟಿ ಕಚ್ಚಿ ನಗು ತಡೆದುಕೊಂಡಿದ್ದಳು ಎಂದು ನನ್ನ ಅನುಮಾನ.

ಬೇರೆ ಯಾರಾದರೂ ಆಗಿದ್ದರೆ ಮರುದಿನವೇ ಬಿಟ್ಟುಬಿಡುತ್ತಿದ್ದರು. ನಾನೂ ಬಿಡುತ್ತಿದ್ದೆ. ಆದರೆ ಮಿಸ್ ಗ್ರೂಪಿಗೆ ಪಾಠದ ವಿಡಿಯೋ ಕಳಿಸುತ್ತಿದ್ದರು. ಅದನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ ಫ್ರಿಜ್ಜಿನ ಹಿಡಿ ಹಿಡಿದು ಅಭ್ಯಾಸ ಮಾಡುವಾಗ ಅಡುಗೆಮನೆಯಿಂದ ದನಿ ಬರತೊಡಗಿತು.

"ಮಂಡಿ ಪಾದದ ಮೇಲೇ ಬರ್ಬೇಕು ಅಂತ ಆ ಹುಡ್ಗಿ ಬಡ್ಕೋತಾ ಇದಾಳೆ, ಕೇಳಿಸ್ತಾ ಇಲ್ವಾ? ನಿಮ್ದು ಒಳಕ್ಕೆ ವಾಲ್ತಾ ಇದೆ."

"ಇಲ್ಲ ಕಣೇ, ಸರೀಗೇ ಇದೆ."

"ಸರಿ ಇದ್ರೆ ಫ್ರಿಜ್ಜಿನ ಬಾಗಿಲು ಯಾಕ್ರೀ ತೆಗೀತಾ ಇದೆ?"

ಫ್ರಿಜ್ಜಿನ ಬಾಗಿಲು ತೆರೆದುಕೊಂಡು ನಾನು ಟೊಮೊಟೊಗಳ ಜೊತೆ ನೆಲಕ್ಕೆ ಬಂದೆ. ಆದರೂ ನನಗೆ ಖುಷಿಯಾಯಿತು. ಬಹಳ ದಿನಗಳ ಮೇಲೆ ಅವಳು ನನ್ನನ್ನು ಹಳೆಯ ಜೋರಿನಲ್ಲಿ ಬೈದಿದ್ದಳು.

ಜಾಝ್ ಶುರುವಾದ ಮೇಲೆ ನನ್ನ ದೇಹದ ಇನ್ನೊಂದು ಗುಟ್ಟು ಬಯಲಾಯಿತು. ಜಾಝಿನಲ್ಲಿ ಒಂದೊಂದು ಅಂಗವನ್ನೇ ಬೇರೆಯಾಗಿ ಆಡಿಸಬೇಕು. ಕತ್ತು ಆಡಿದರೆ ಭುಜ ಸುಮ್ಮನಿರಬೇಕು, ಭುಜ ಆಡಿದರೆ ಸೊಂಟ ಸುಮ್ಮನಿರಬೇಕು. ನನ್ನದು ಕೂಡು ಕುಟುಂಬ. ಕತ್ತು ಹೊರಟರೆ ಭುಜವೂ ಹೊರಡುತ್ತಿತ್ತು, ಭುಜ ಹೊರಟಿತೆಂದು ಸೊಂಟ, ಸೊಂಟದ ಹಿಂದೆಯೇ ಹೊಟ್ಟೆ. ಮ್ಯೂಸಿಕ್ಕು ನಿಂತ ಮೇಲೂ ಹೊಟ್ಟೆ ಮಾತ್ರ ಸ್ವಲ್ಪ ಹೊತ್ತು ಕಾರ್ಯಕ್ರಮ ಮುಂದುವರಿಸುತ್ತಿತ್ತು. ಅಂಗೈ ಅರಳಿಸಿ ಬೆರಳುಗಳನ್ನು ಪಟಪಟ ನಡುಗಿಸುವುದೊಂದಿದೆ, ಅದು ಮಾತ್ರ ನನಗೆ ಸಲೀಸಾಗಿ ಬಂತು. ಫ್ಯಾಕ್ಟರಿಯಲ್ಲಿ ಸ್ಟಾಕು ಕಡಿಮೆ ಬಂದಾಗ ಮ್ಯಾನೇಜರ ಎದುರು ನನ್ನ ಕೈ ಹಾಗೆಯೇ ನಡುಗಿ ಅಭ್ಯಾಸವಿತ್ತು.

ಆಮೇಲೆ ಮಾಡರ್ನ್ ಬಂತು. ಇದರಲ್ಲಿ ಬರಿಗಾಲು, ಕಂಬಿ ಇಲ್ಲ. ಮಿಸ್ ನಮ್ಮನ್ನೆಲ್ಲ ನೆಲದ ನಡುವೆ ನಿಲ್ಲಿಸಿ, "ಇವತ್ತು ಬೀಳೋದು ಕಲಿಯೋಣ" ಎಂದರು.

"ಅದ್ ನಮ್ಗೆ ಬರುತ್ತೆ ಮಿಸ್, ಮುಂದಿನ್ ಪಾಠ ಮಾಡಿ" ಎಂದರು ಅನಂತರಾಜು.

ಮಿಸ್ ನಗಲಿಲ್ಲ. "ಯಾರಿಗೂ ಬರಲ್ಲ ಸರ್. ಬೀಳ್ತೀವಿ ಅಂತ ಗೊತ್ತಾದ ತಕ್ಷಣ ನಾವು ಮೈಯೆಲ್ಲ ಬಿಗಿ ಹಿಡಿದುಬಿಡ್ತೀವಿ. ಏಟಾಗೋದೇ ಅದರಿಂದ. ಉಸಿರು ಬಿಡಿ. ಮಂಡಿ ಸಡಿಲ ಮಾಡಿ. ಪಕ್ಕಕ್ಕೆ ಒರಗಿ, ತೊಡೆ, ಸೊಂಟ, ಭುಜ, ಒಂದೊಂದನ್ನೇ ನೆಲಕ್ಕೆ ಕೊಡ್ತಾ ಹೋಗಿ. ಹಾಗೇ ಹೊರಳಿ ಎದ್ದುಬಿಡಿ. ನಮ್ಮ ನೃತ್ಯದಲ್ಲಿ ಬೀಳೋದೂ ಒಂದು ಹೆಜ್ಜೆ, ಏಳೋದೂ ಒಂದು ಹೆಜ್ಜೆ."

ಹೇಳುತ್ತ ಹೇಳುತ್ತಲೇ ಅವರು ಬಿದ್ದರು. ಹಗ್ಗದಿಂದ ಒದ್ದೆ ಸೀರೆ ಜಾರಿದ ಹಾಗೆ, ಸದ್ದೇ ಇಲ್ಲ. ಮರುಕ್ಷಣ ಎದ್ದು ನಿಂತಿದ್ದರು. ಹುಡುಗಿಯರು ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನನ್ನ ಕಣ್ಣ ಮುಂದೆ ಆ ಕಲ್ಯಾಣಮಂಟಪದ ಮೆಟ್ಟಿಲಿತ್ತು, ತಟ್ಟೆ ಹಿಡಿದು ಮೈ ಬಿಗಿದುಕೊಂಡು ಉರುಳಿದ ನೇತ್ರಾವತಿಯಿದ್ದಳು. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲವಲ್ಲ ಎಂದುಕೊಂಡೆ. ಆ ದಿನ ನಾನು ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಟೈರ್ ಅಂಗಡಿಯವನು ಅಂಗಡಿ ಮುಚ್ಚಿ ಹೋಗುವವರೆಗೂ ಬಿದ್ದೆ.

ಮನೆಗೆ ಬಂದವನೇ ಟೀಪಾಯಿ ಸರಿಸಿ, "ನೇತ್ರಾ, ಇಲ್ ನೋಡು" ಎಂದು ಹಾಲಿನ ನಡುವೆ ಧೊಪ್ಪೆಂದು ಬಿದ್ದೆ.

"ಅಯ್ಯೋ ನನ್ ಕಂದಾ! ಲಕ್ವಾ ಹೊಡೀತು, ಯಾರಾರಾ ಬರ್ರಪ್ಪೋ!" ಎಂದು ಅಮ್ಮ ಬೀದಿಗೇ ಕೇಳುವ ಹಾಗೆ ಕೂಗಿದರು. ಎದುರುಮನೆಯವರು ಓಡಿಬಂದರು. ಒಬ್ಬರು ನೀರು ಚಿಮುಕಿಸಿದರು, ಇನ್ನೊಬ್ಬರು ಚಪ್ಪಲಿ ವಾಸನೆ ತೋರಿಸಿದರು. "ಡ್ಯಾನ್ಸು ಕಣ್ರೀ, ಇದು ಡ್ಯಾನ್ಸು!" ಎಂದು ನಾನು ಚಪ್ಪಲಿಯ ಕೆಳಗಿಂದ ಅರಚಿದೆ. ಆಗ ಕೇಳಿಸಿತು, ನೇತ್ರಾವತಿಯ ನಗು. ಗೋಡೆಗೊರಗಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು. ಆ ನಗುವನ್ನು ಮನೆ ಮರೆತೇ ಬಿಟ್ಟಿತ್ತು.

ಎಲ್ಲರೂ ಹೋದ ಮೇಲೆ ಅವಳು ಮೆಲ್ಲಗೆ ಸೋಫಾದ ತುದಿಗೆ ಬಂದು ಕೂತು, "ರೀ, ಇನ್ನೊಂದ್ ಸಲ ಬೀಳಿ, ನೋಡೋಣ" ಎಂದಳು.

ಮದುವೆಯಾದಾಗಿನಿಂದ ಇಷ್ಟು ಅಕ್ಕರೆಯಲ್ಲಿ ಅವಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ಬಿದ್ದೆ.

"ಉಸಿರು ಬಿಡ್ಲಿಲ್ಲ ನೀವು. ಮುಖ ಕೆಂಪಗಾಯ್ತು. ಇನ್ನೊಂದ್ ಸಲ."

ಮತ್ತೆ ಬಿದ್ದೆ.

"ಸೊಂಟಕ್ಕಿಂತ ಮುಂಚೆ ಮೊಣಕೈ ಊರಿದ್ರಿ. ಹೆದರಿಕೆ ನಿಮ್ಗೆ."

"ಹೆದರಿಕೆ ನಂಗಾ? ನೀನೇ ಬಂದು ಬೀಳು ನೋಡೋಣ!" ಎಂದುಬಿಟ್ಟೆ.

ಅವಳ ಮುಖ ಮುದುಡಿತು. ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನನ್ನ ನಾಲಗೆಯನ್ನು ಕತ್ತರಿಸಿ ಬಿಸಾಡಬೇಕೆನಿಸಿತು.

ಅದಾದ ಕೆಲವು ದಿನಗಳಿಗೆ ಕರೆಂಟು ಹೋಗಿ ಫ್ಯಾಕ್ಟರಿ ಬೇಗ ಬಿಟ್ಟಿತು. ಮಧ್ಯಾಹ್ನವೇ ಮನೆಗೆ ಬಂದೆ. ಅಮ್ಮ ಜಗಲಿಯಲ್ಲಿ ತೂಕಡಿಸುತ್ತಿದ್ದರು. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನೆಲದ ಮೇಲೆ ಮನೆಯಲ್ಲಿದ್ದ ಕಂಬಳಿ, ರಗ್ಗು, ಹಾಸಿಗೆ ಎಲ್ಲ ಒಂದರ ಮೇಲೊಂದು ಹಾಸಿತ್ತು. ನಡುವೆ ನೇತ್ರಾವತಿ, ಸೆರಗು ಸೊಂಟಕ್ಕೆ ಬಿಗಿದು, ಕಣ್ಣು ಮುಚ್ಚಿ ನಿಂತಿದ್ದಳು. ಹಿಡಿದುಕೊಳ್ಳಲು ಹತ್ತಿರದಲ್ಲಿ ಏನೂ ಇರಲಿಲ್ಲ. ಉದ್ದಕ್ಕೆ ಉಸಿರು ಬಿಟ್ಟಳು. ಬಿದ್ದಳು. ಸ್ವಲ್ಪ ಹೊತ್ತು ಹಾಗೇ ಮಲಗಿದ್ದು, ತಾನಿನ್ನೂ ಇಡಿಯಾಗಿದ್ದೇನೆಯೇ ಎಂದು ಮಣಿಕಟ್ಟು ಮುಟ್ಟಿ ನೋಡಿಕೊಂಡಳು. ಆಮೇಲೆ ಹೊರಳಿ, ಕೈಯೂರಿ ಎದ್ದಳು.

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಬೀದಿಗೆ ಬಂದು, ಮೂಲೆಯ ಹೋಟೆಲಿನಲ್ಲಿ ಬೇಡದ ಕಾಫಿ ಕುಡಿದು, ಯಾವಾಗಲೂ ಬರುವ ಹೊತ್ತಿಗೇ ಮನೆಗೆ ಬಂದೆ. ಅಷ್ಟು ಹೊತ್ತಿಗೆ ರಗ್ಗುಗಳೆಲ್ಲ ಅಟ್ಟದ ಮೇಲಿದ್ದವು.

ಇಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಈ ಕಥೆ ಸುಖಾಂತವಾಗಿ ಮುಗಿಯುತ್ತಿತ್ತು. ಆದರೆ ಗುಬ್ಬಿಯ ವರ್ತಕರ ವಾರ್ಷಿಕೋತ್ಸವಕ್ಕೆ ಅನಂತರಾಜು ನಮ್ಮ ಬ್ಯಾಚಿನ ನೃತ್ಯ ಗೊತ್ತುಮಾಡಿಬಿಟ್ಟರು. ಗುಬ್ಬಿ ಎಂದರೆ ನನ್ನ ಮಾವನ ಮನೆ. ಅಳಿಯನೆಂದು ಅಲ್ಲಿ ನನ್ನನ್ನು ಯಾರೂ ತಿರುಗಿ ನೋಡಿದವರಿಲ್ಲ. ಇಂಥ ಊರಿನಲ್ಲಿ ರಂಗದ ಮೇಲೆ ಹೊಳೆಯುವ ಅವಕಾಶ! ನನ್ನೊಳಗಿನ ಕಲಾವಿದ ಎದ್ದು ಕೂತ.

"ಮಿಸ್, ನಂಗೊಂದು ಸೋಲೋ ಇದ್ರೆ ಚೆನ್ನಾಗಿರುತ್ತೆ" ಎಂದೆ.

"ಸರ್, ನೀವು ಹಿಂದಿನ ಸಾಲಲ್ಲಿರಿ. ಹಿಂದೆ ಗಟ್ಟಿಯಾಗಿರೋರು ಒಬ್ರು ಬೇಕು" ಎಂದರು ಮಿಸ್. ಒಳ್ಳೆಯ ಹುಡುಗಿ, ಯಾರ ಮನಸ್ಸನ್ನೂ ನೋಯಿಸುವವರಲ್ಲ. ನಾನು ಬಿಡಲಿಲ್ಲ. ಕೊನೆಗೆ ಮಾಡರ್ನ್ ನೃತ್ಯದಲ್ಲಿ ಎಲ್ಲರೂ ಒಬ್ಬರ ಹಿಂದೊಬ್ಬರು ಬೀಳುವಾಗ ಕಟ್ಟಕಡೆಗೆ, ರಂಗದ ನಟ್ಟನಡುವೆ ಬೀಳುವ ಗೌರವ ನನಗೆ ದೊರೆಯಿತು.

ನೇತ್ರಾವತಿಯನ್ನು ಹೊರಡಿಸುವುದು ಅದಕ್ಕಿಂತ ಕಷ್ಟವಾಯಿತು. "ಊರಿಗೂರೇ ಬಂದಿರುತ್ತೆ. ಎಲ್ರೂ ಆ ವಿಡಿಯೋ ನೋಡಿರೋರೇ" ಎಂದಳು. ಅಮ್ಮ ಕೋಲು ಕುಟ್ಟಿ, "ಗಂಡ ಮಾನ ಕಳ್ಕಳೋವಾಗ ಪಕ್ದಾಗೆ ಹೆಂಡ್ತಿ ಇರ್ಬೇಕು ಕಣೇ, ಹೊಲ್ಡು" ಎಂದು ಆಜ್ಞೆ ಮಾಡಿದ ಮೇಲೆ, ಗೋಡೆಗಂಟಿದ ಕುರ್ಚಿಯೇ ಬೇಕೆಂಬ ಕರಾರಿನ ಮೇಲೆ ಬಂದಳು. ಸಭಾಂಗಣದಲ್ಲಿ ನನ್ನ ಭುಜ ಹಿಡಿದು ಬಂದು ಗೋಡೆಗೆ ವರ್ಗವಾದಳು. ಮುಂದಿನ ಸಾಲಿನಲ್ಲಿ ಶಿವರಾಮಯ್ಯ ಇದ್ದ. ಅಕ್ಕನನ್ನು ನೋಡಿ, ನೋಡದವನ ಹಾಗೆ ಫ್ಯಾನು ನೋಡಿದ.

ಬ್ಯಾಲೆ ಆಯಿತು. ಜಾಝ್ ಆಯಿತು. ನನ್ನ ಕೂಡು ಕುಟುಂಬಕ್ಕೆ ಒಳ್ಳೆಯ ಶಿಳ್ಳೆ ಬಿತ್ತು. ಕೊನೆಗೆ ಮಾಡರ್ನ್. ಹುಡುಗಿಯರು ಒಬ್ಬೊಬ್ಬರಾಗಿ ಒರಗಿದರು, ಆಶಾರಾಣಿ ಮೇಡಂ ಒರಗಿದರು, ಅನಂತರಾಜು ಒಂದು ಮೂಟೆ ಇಳಿಸಿದ ಹಾಗೆ ಇಳಿದರು. ಆಮೇಲೆ ನಾನು. ಉಸಿರು ಬಿಟ್ಟೆ, ಮಂಡಿ ಸಡಿಲಿಸಿದೆ, ತೊಡೆ, ಸೊಂಟ, ಭುಜ. ಜೀವನದಲ್ಲಿ ಅಷ್ಟು ಸೊಗಸಾಗಿ ನಾನು ಎಂದೂ ಬಿದ್ದಿರಲಿಲ್ಲ. ಸಂಗೀತ ಏರಿತು. ಎಲ್ಲರೂ ಒಂದೇ ಉಸಿರಿಗೆ ಎದ್ದರು.

ನಾನು ಏಳಲಿಲ್ಲ. ಸೊಂಟದಲ್ಲಿ ಚಳುಕು ಹಿಡಿದು, ಕೆಳಗಿನ ಅರ್ಧ ನನ್ನದಲ್ಲವೇನೋ ಎಂಬಂತಾಗಿತ್ತು.

"ಏಳ್ರೀ" ಎಂದರು ಅನಂತರಾಜು, ತುಟಿ ಆಡಿಸದೆ.

"ಏಳಕ್ಕಾಗ್ತಿಲ್ಲ ಕಣ್ರೀ."

ಸಂಗೀತ ಮುಗಿಯಿತು. ಕುಣಿದವರೆಲ್ಲ ನಮಸ್ಕಾರ ಮಾಡಿ, ಏನು ಮಾಡಬೇಕೆಂದು ತೋಚದೆ ಪಕ್ಕಕ್ಕೆ ಸರಿದರು. "ಎಷ್ಟ್ ಚೆನ್ನಾಗ್ ಬಿದ್ದವ್ನೆ ನೋಡ್ಲಾ, ಥೇಟ್ ಹೆಣ ಇದ್ದಂಗವ್ನೆ" ಎಂದು ಯಾರೋ ಮೆಚ್ಚಿಕೊಂಡರು. ಕೆನ್ನೆ ನೆಲಕ್ಕೊತ್ತಿ ಬಿದ್ದಿದ್ದ ನನಗೆ ಇಡೀ ಸಭಾಂಗಣ ಅಡ್ಡಡ್ಡವಾಗಿ ಕಾಣುತ್ತಿತ್ತು. ಆ ಅಡ್ಡ ಲೋಕದಲ್ಲಿ, ಕುರ್ಚಿಗಳ ನಡುವಿನ ದಾರಿಯಲ್ಲಿ, ಹಸಿರು ಸೀರೆಯ ಅಂಚೊಂದು ನನ್ನತ್ತ ಓಡಿ ಬರುತ್ತಿತ್ತು. ಆ ಪಾದಗಳು ಯಾರನ್ನೂ ಹಿಡಿದಿರಲಿಲ್ಲ, ಎಲ್ಲೂ ತಡವರಿಸಲಿಲ್ಲ. ಮೆಟ್ಟಿಲು ಹತ್ತಿದವು. ನನ್ನ ಮೂಗಿನ ಹತ್ತಿರ ಬಂದು ನಿಂತವು.

"ಏನಾಯ್ತ್ರೀ?"

"ಸೊಂಟ ಹಿಡ್ಕೊಂಡ್ಬಿಡ್ತು ಕಣೇ."

"ಹೆದರ್ಬೇಡಿ. ಉಸಿರು ಬಿಡಿ. ಮಂಡಿ ಮಡ್ಚಿ, ನಿಧಾನಕ್ಕೆ ಈ ಕಡೆ ಹೊರಳಿ." ಅವಳು ಬಗ್ಗಿ ಕೈ ಕೊಟ್ಟಳು.

ನಾನು ನಿಧಾನ ಮಾಡಬೇಕಿತ್ತು. ಮಾಡಲಿಲ್ಲ. ಮುಳುಗುವವನ ಹಾಗೆ ಆ ಕೈ ಹಿಡಿದು ನನ್ನ ಭಾರವನ್ನೆಲ್ಲ ಹಾಕಿ ಎಳೆದುಬಿಟ್ಟೆ. ನೇತ್ರಾವತಿಯ ಕಾಲು ತಪ್ಪಿತು.

"ಅಕ್ಕಾ!" ಎಂದು ಶಿವರಾಮಯ್ಯ ಕುರ್ಚಿ ಒದ್ದು ಎದ್ದ. ಸಭೆಯೆಲ್ಲ ಅಯ್ಯೋ ಎಂದಿತು. ಫೋನುಗಳು ಮೇಲೆದ್ದವು. ಮುಗಿಯಿತು, ಎಂದುಕೊಂಡೆ. ಅವಳ ಊರಿನಲ್ಲಿ, ಅವಳ ಜನದೆದುರು, ನಾನೇ ಕೈಯಾರೆ ಅವಳನ್ನು ಬೀಳಿಸಿದೆ. ಇನ್ನು ಈ ಹೆಣ್ಣು ಹೊಸಿಲು ದಾಟುವುದಿಲ್ಲ.

ಆದರೆ ಅವಳು ಬಿಗಿ ಹಿಡಿಯಲಿಲ್ಲ. ಉಸಿರು ಬಿಟ್ಟದ್ದು ನನ್ನ ಕಿವಿಗೆ ಕೇಳಿಸಿತು. ಮಂಡಿ ಸಡಿಲವಾಯಿತು, ಮೈ ಪಕ್ಕಕ್ಕೊರಗಿತು, ತೊಡೆ, ಸೊಂಟ, ಭುಜ ಒಂದೊಂದಾಗಿ ನೆಲಕ್ಕಿಳಿದು, ಕೊನೆಗೆ ಅವಳ ಮುಖ ನನ್ನ ಮುಖದ ಎದುರಿಗೇ ಬಂದು ಮಲಗಿತು. ಕಣ್ಣು ಅಗಲವಾಗಿ ತೆರೆದಿತ್ತು.

"ಏನೂ ಆಗ್ಲಿಲ್ಲ ಕಣ್ರೀ" ಎಂದು ಪಿಸುಗುಟ್ಟಿದಳು. "ಏನಂದ್ರೆ ಏನೂ ಆಗ್ಲಿಲ್ಲ!"

ಮತ್ತೆ ಹೊರಳಿ, ಕೈಯೂರಿ, ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು ಇಡೀ ಸಭೆಯ ಕಡೆಗೆ ತಿರುಗಿ ಕೈ ಮುಗಿದಳು. ಗುಬ್ಬಿಗೆ ಗುಬ್ಬಿಯೇ ಎದ್ದು ಚಪ್ಪಾಳೆ ಹೊಡೆಯಿತು. "ಇದುವರೆಗೆ ದಂಪತಿಗಳ ವಿಶೇಷ ನೃತ್ಯವನ್ನು ವೀಕ್ಷಿಸಿದಿರಿ" ಎಂದು ನಿರೂಪಕ ಮೈಕಿನಲ್ಲಿ ಗದ್ಗದಿತನಾದ. ಶಿವರಾಮಯ್ಯ ರಂಗಕ್ಕೆ ಹತ್ತಿ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡು, "ಮನೆಗ್ ಬಾ ಅಕ್ಕಾ, ಇವತ್ತಾದ್ರೂ ಬಾ" ಎಂದು ಅತ್ತ. ಅವಳೂ ಅತ್ತಳು. ಇಬ್ಬರ ಕಾಲ ಬಳಿ ಬಿದ್ದುಕೊಂಡು ನಾನೂ ಅತ್ತೆ, ನನ್ನದು ಸೊಂಟದ ಕಾರಣಕ್ಕೂ ಹೌದು. ಕೊನೆಗೆ ಅನಂತರಾಜು ಅವರ ಮಂಡಿಯ ಹಮಾಲರು ನನ್ನನ್ನು ಕೊಬ್ಬರಿ ಮೂಟೆಯಂತೆ ಎತ್ತಿ, ಎಲ್ಲಿಡಬೇಕೆಂದು ಕೇಳಿ, ಶಿವರಾಮಯ್ಯನ ಹೊಸ ಮನೆಯ ದಿವಾನದ ಮೇಲೆ ಇಳಿಸಿದರು.

ಡಾಕ್ಟರು ನನಗೆ ಹಾಸಿಗೆ ಬಿಟ್ಟೇಳಬಾರದೆಂದರು. ನೇತ್ರಾವತಿ ಬೆಡ್‌ಶೀಟು ತೆಗೆದು ಸ್ಕೂಟರು ಹೊರಗೆ ತಂದಳು. ನಾನು ಸೇರಿದ್ದ ಬ್ಯಾಚಿನಲ್ಲೇ, ನನ್ನ ಬದಲಿಗೆ ಈಗ ಅವಳಿದ್ದಾಳೆ. ಹಿಂದಿನ ಸಾಲಲ್ಲ, ಮುಂದಿನ ಸಾಲು. ಹರ್ಷಿತಾ ಮಿಸ್ ಒಂದು ಸಂಜೆ ನನ್ನನ್ನು ನೋಡಲು ಬಂದು, "ಮೇಡಂಗೆ ಇಷ್ಟು ಚೆನ್ನಾಗಿ ಯಾರು ಹೇಳ್ಕೊಟ್ರು ಸರ್?" ಎಂದರು. ನಾನು ದಿಂಬಿಗೊರಗಿ, ವಿನಯದಿಂದ ಬಾಯಿ ತೆರೆಯುವಷ್ಟರಲ್ಲಿ ನೇತ್ರಾವತಿ, "ಇವ್ರು ಹೇಗ್ ಮಾಡ್ತಾರೋ ಹಾಗ್ ಮಾಡ್ಬಾರ್ದು ಅಂತ ನೋಡ್ಕೊಂಡೆ ಮಿಸ್" ಎಂದಳು. ಅಮ್ಮನೂ ನಕ್ಕರು.

ನಿನ್ನೆ ಅವಳು ಕ್ಲಾಸಿಗೆ ಹೋಗಿದ್ದಾಗ ಅವಳ ಫೋನು ಬಡಿದುಕೊಂಡಿತು. ಮಲಗಿದ್ದಲ್ಲಿಂದಲೇ ಕೈ ಚಾಚಿ ತೆಗೆದುಕೊಂಡೆ.

"ನಮಸ್ಕಾರ, ಕುಣಿಗಲ್ ಮಹಿಳಾ ಸಂಘದಿಂದ ಮಾನಸಾ ಅಂತ. ನೇತ್ರಾವತಿ ಮೇಡಂ ಇದಾರಾ? ಗುಬ್ಬಿ ಪ್ರೋಗ್ರಾಮಿನ ವಿಡಿಯೋ ನೋಡಿದ್ವಿ. ನಮ್ಮ ಫಂಕ್ಷನ್‌ಗೂ ಆ ಡ್ಯಾನ್ಸೇ ಬೇಕಿತ್ತು."

ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ, "ನಾನು ಅವರ ಯಜಮಾನ್ರು ಮಾತಾಡ್ತಾ ಇರೋದು" ಎಂದೆ.

"ಓ, ನೀವಾ! ಕೆಳಗ್ ಬಿದ್ದಿರ್ತಾರಲ್ಲ, ಅವ್ರು?"

"ಹೌದಮ್ಮ. ಅವ್ನೇ."

"ಸರ್, ನಿಮ್ಗೆ ಹುಷಾರಿಲ್ಲ ಅಂತ ಕೇಳಿದ್ವಿ, ನೀವೇನ್ ತೊಂದ್ರೆ ತಗೋಬೇಡಿ. ಮೇಡಂ ಒಬ್ರು ಬಂದ್ರೆ ಸಾಕು. ಬಿದ್ದಿರೋದಕ್ಕೆ ನಾವು ಇಲ್ಲೇ ಯಾರ್ದಾದ್ರೂ ಗಂಡನ್ನ ಅಡ್ಜಸ್ಟ್ ಮಾಡ್ಕೋತೀವಿ."

ಡಾಕ್ಟರು ಹೇಳಿದ್ದೆಲ್ಲ ಮರೆತು ನಾನು ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತೆ.

"ಬೇಡ ಬೇಡ! ಯಾರನ್ನೂ ಅಡ್ಜಸ್ಟ್ ಮಾಡ್ಬೇಡಿ ಕಣ್ರಮ್ಮ! ನಾನೇ ಬಂದು ಬೀಳ್ತೀನಿ!"